ದಪ್ಪ ಕಾಲುಚೀಲ, ತಣ್ಣನೆಯ ಪಾದ

ಚಳಿ ಹೆಚ್ಚಿದಷ್ಟೂ ಹೊದಿಕೆ ದಪ್ಪವಾಗಬೇಕು ಎಂಬುದು ಎಲ್ಲರೂ ಒಪ್ಪಿದ ಲೆಕ್ಕ. ಗುಲ್ಮಾರ್ಗಿನಲ್ಲೋ ಮನಾಲಿ ಬಳಿಯ ಸೋಲಂಗ್ ಕಣಿವೆಯಲ್ಲೋ ಮೊದಲ ಸಲ ಸ್ನೋಬೋರ್ಡ್ ಏರಲು ಹೊರಟವರು ಇದೇ ಲೆಕ್ಕವನ್ನು ಪಾದಕ್ಕೂ ಹಾಕುವುದುಂಟು: ಇದ್ದುದರಲ್ಲೇ ದಪ್ಪನೆಯ ಕಾಲುಚೀಲ, ಸಾಲದಿದ್ದರೆ ಅದರ ಮೇಲೆ ಇನ್ನೊಂದು. ಬೆರಳು ಜೋಮು ಹಿಡಿದಾಗ ದೂರು ಮಾತ್ರ ಚಳಿಯ ಮೇಲೆ. ಆದರೆ ಮೈಗೆ ಒಪ್ಪುವ ಲೆಕ್ಕ ಬೂಟಿನೊಳಗಿನ ಪಾದಕ್ಕೆ ಒಪ್ಪುವುದಿಲ್ಲ. ಅಳತೆಗೆ ಸರಿಯಾದ ಸ್ನೋಬೋರ್ಡ್ ಬೂಟಿನಲ್ಲಿ ತೆಳುವಾದ, ಕಾಲಿಗೆ ಅಂಟಿ ಕೂರುವ, ಹತ್ತಿಯದಲ್ಲದ ಒಂದೇ ಜೊತೆ ಕಾಲುಚೀಲ ಹೆಚ್ಚು ಹಿತ, ಹೆಚ್ಚು ಬೆಚ್ಚಗೆ. ಇದು ಬರೀ ಅಭಿರುಚಿಯ ಮಾತಲ್ಲ. ಗಾಳಿ, ರಕ್ತ, ಬೆವರು ಈ ಮೂರರ ನಡವಳಿಕೆಯಿಂದ ಹೊರಡುವ ತೀರ್ಮಾನ.

ಮೊದಲು ಗಾಳಿ. ಉಣ್ಣೆಯಾಗಲಿ ಫೋಮ್ ಆಗಲಿ ಪಾದಕ್ಕೆ ಶಾಖ ತಯಾರಿಸಿ ಕೊಡುವುದಿಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡ ಅಲುಗಾಡದ ಗಾಳಿ ಶಾಖವನ್ನು ಹೊರಗೆ ಹೋಗಗೊಡದೆ ತಡೆಯುತ್ತದೆ, ಅಷ್ಟೆ. ಜಾಕೆಟ್ಟಿನೊಳಗೆ ಇನ್ನೊಂದು ಸ್ವೆಟರ್ ಹಾಕಿದರೆ ಅದಕ್ಕೆ ಉಬ್ಬಿಕೊಳ್ಳಲು ಜಾಗವಿರುತ್ತದೆ, ಗಾಳಿಯ ಪದರ ನಿಜಕ್ಕೂ ಬೆಳೆಯುತ್ತದೆ. ಸ್ನೋಬೋರ್ಡ್ ಬೂಟಿನಲ್ಲಾದರೋ ಹೊರಗೊಂದು ಗಟ್ಟಿ ಕವಚ, ಅದರೊಳಗೆ ಲೈನರ್ ಎಂದು ಕರೆಯುವ ಫೋಮಿನ ಒಳಬೂಟು, ಅದರೊಳಗೆ ಪಾದ. ಲೇಸು ಬಿಗಿದ ಮೇಲೆ ಚರ್ಮಕ್ಕೂ ಕವಚಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ನಿಗದಿಯಾದದ್ದು. ಅಲ್ಲಿ ದಪ್ಪ ಕಾಲುಚೀಲ ತುರುಕಿದರೆ ಆ ಅಂತರ ಬೆಳೆಯುವುದಿಲ್ಲ. ಫೋಮ್ ಅದುಮಿಕೊಳ್ಳುತ್ತದೆ, ಕಾಲುಚೀಲವೂ ಅದುಮಿಕೊಳ್ಳುತ್ತದೆ, ಎರಡರೊಳಗಿನ ಗಾಳಿಯೂ ಹೊರಬೀಳುತ್ತದೆ. ಹೊಸದಾಗಿ ಸೇರಿದ್ದು ಒತ್ತಡವೊಂದೇ.

ಆ ಒತ್ತಡದ ಪೆಟ್ಟು ಬೀಳುವುದು ರಕ್ತದ ಹರಿವಿನ ಮೇಲೆ. ಕಾಲ್ಬೆರಳುಗಳಲ್ಲಿ ಶಾಖ ಹುಟ್ಟಿಸುವ ಸ್ನಾಯು ಬಹಳ ಕಡಿಮೆ, ರಕ್ತ ಹೊತ್ತು ತರುವ ಶಾಖವೇ ಅವಕ್ಕೆ ಆಧಾರ. ಚಳಿ ತಾಗಿದೊಡನೆ ದೇಹ ಒಳಾಂಗಗಳ ಶಾಖ ಉಳಿಸಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಹೀಗೆ ಮೊದಲೇ ಸೊರಗಿದ ಹರಿವನ್ನು ಹೊರಗಿನಿಂದಲೂ ಒತ್ತಿ ಹಿಡಿದರೆ ಬೆರಳು ತಣ್ಣಗಾಗದೆ ಇನ್ನೇನು? ಪಾದದ ಮೇಲ್ಭಾಗದಲ್ಲಿ, ಬೆರಳಿಟ್ಟರೆ ಮಿಡಿತ ತಿಳಿಯುವಷ್ಟು ಮೇಲ್ಗಡೆಯೇ, ಒಂದು ಅಪಧಮನಿ ಸಾಗುತ್ತದೆ. ಬೂಟಿನ ಲೇಸು ಬಿಗಿಯುವುದೂ ಅಲ್ಲಿಯೇ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಪಾದಗಳು ಹೆಪ್ಪುಗಟ್ಟದೆಯೇ ಕೆಟ್ಟುಹೋದದ್ದು ಚಳಿಯೊಂದರಿಂದ ಅಲ್ಲ. ಚಳಿಗೆ ತೇವವೂ ಬಿಗಿಯಾದ ಬೂಟೂ ಜೊತೆಗೂಡಿದ್ದವು. ಒದ್ದೆ ಕಾಲುಚೀಲ ಬಿಚ್ಚಿ ಒಣಗಿದ್ದನ್ನು ತೊಡುವುದನ್ನು ಸೈನ್ಯವೇ ಕಟ್ಟಳೆ ಮಾಡಬೇಕಾಯಿತು. ಹಿಮದ ಆಟದಲ್ಲಿ ಕಷ್ಟ ಅಷ್ಟು ದೊಡ್ಡದಲ್ಲ, ಆದರೆ ಕಾರಣಗಳು ಅವೇ.

ಒಂದು ಅಳತೆ ದೊಡ್ಡ ಬೂಟು ತೆಗೆದುಕೊಂಡರೆ ದಪ್ಪ ಕಾಲುಚೀಲಕ್ಕೂ ಜಾಗ ಸಿಗುತ್ತದಲ್ಲ ಎಂದು ಕೇಳಬಹುದು. ಸುಮ್ಮನೆ ನಿಂತಿರುವವರಿಗೆ ಈ ಮಾತು ಸರಿ. ಆದರೆ ಸ್ನೋಬೋರ್ಡನ್ನು ತಿರುಗಿಸುವುದು ಬೆರಳುಗಳ ಕಡೆಗೂ ಹಿಮ್ಮಡಿಯ ಕಡೆಗೂ ಭಾರ ಹಾಕುತ್ತ. ಬೂಟು ಸಡಿಲವಿದ್ದರೆ ಬೆರಳ ಕಡೆಗೆ ವಾಲಿದಾಗ ಹಿಮ್ಮಡಿ ಮೇಲೇಳುತ್ತದೆ, ಕಾಲಿನ ಆಜ್ಞೆ ಹಲಗೆಗೆ ತಡವಾಗಿ ಮುಟ್ಟುತ್ತದೆ. ಅದನ್ನು ಸರಿಪಡಿಸಲು ಲೇಸನ್ನು ಇನ್ನಷ್ಟು ಬಿಗಿಯಬೇಕು, ಆಗ ಅದೇ ಅಪಧಮನಿಯ ಮೇಲೆ ಅದೇ ಒತ್ತಡ. ದೊಡ್ಡ ಬೂಟಿನ ತೊಂದರೆಗೆ ಪರಿಹಾರ ಸಣ್ಣ ಬೂಟು, ದಪ್ಪ ಕಾಲುಚೀಲವಲ್ಲ.

ಇನ್ನು ಬೆವರು. ಅಂಗಾಲಿನಲ್ಲಿ ಬೆವರುಗ್ರಂಥಿಗಳು ಬಹಳ ದಟ್ಟ, ಮಂಜಿನಲ್ಲೂ ಅವು ಕೆಲಸ ನಿಲ್ಲಿಸುವುದಿಲ್ಲ. ನಿಂತ ಗಾಳಿಗೆ ಹೋಲಿಸಿದರೆ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಎಳೆಗಳ ನಡುವೆ ಗಾಳಿಯ ಜಾಗವನ್ನು ನೀರು ಹಿಡಿದರೆ ದಪ್ಪ ಇದ್ದೂ ಪ್ರಯೋಜನವಿಲ್ಲ. ಹತ್ತಿ ನೀರನ್ನು ಹೀರಿ ಬಿಡದೆ ಹಿಡಿದುಕೊಳ್ಳುತ್ತದೆ, ನೆನೆದು ಚಪ್ಪಟೆಯಾಗುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರಾವಿಯನ್ನು ಒಳಗೆಳೆದುಕೊಂಡರೂ ಅದರ ಹೊರಮೈ ನೀರನ್ನು ದೂರವಿಡುವ ಗುಣದ್ದು. ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಪಾಲಿಯೆಸ್ಟರ್ ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಬೇಗ ಒಣಗುತ್ತದೆ. ತೇವದಿಂದ ಇನ್ನೊಂದು ಹಾನಿಯೂ ಇದೆ: ಒದ್ದೆಯಾದ ಚರ್ಮದಲ್ಲಿ ಘರ್ಷಣೆ ಹೆಚ್ಚಿ ನೀರುಗುಳ್ಳೆ ಏಳುತ್ತದೆ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹತ್ತಿಯ ಕಾಲುಚೀಲ ತೊಟ್ಟಾಗಿನದಕ್ಕಿಂತ ಅಕ್ರಿಲಿಕ್ ಕಾಲುಚೀಲ ತೊಟ್ಟಾಗ ಓಟಗಾರರಿಗೆ ಗುಳ್ಳೆ ಕಡಿಮೆ ಎದ್ದಿದ್ದವು. ಅದೇ ಸಂಶೋಧಕರು 1993ರಲ್ಲಿ ಬೇರೆ ಹೆಣಿಗೆಯ ಕಾಲುಚೀಲಗಳನ್ನು ಹೋಲಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಎಳೆಯ ಹೆಸರು ನೋಡಿದರೆ ಸಾಲದು, ಹೆಣಿಗೆಯೂ ಮುಖ್ಯ ಎಂಬುದು ಇದರ ಪಾಠ.

ಉಣ್ಣೆ ಎಂದೊಡನೆ ನಮ್ಮ ಕಡೆಯವರಿಗೆ ಚುಚ್ಚುವ ಕಂಬಳಿ ನೆನಪಾಗುವುದು ಸಹಜ. ಉಣ್ಣೆಯೆಂಬ ಕಾರಣಕ್ಕೇ ಕಂಬಳಿ ಚುಚ್ಚುವುದಿಲ್ಲ, ಎಳೆ ದಪ್ಪವಿರುವುದರಿಂದ ಚುಚ್ಚುತ್ತದೆ. ಸುಮಾರು 30 ಮೈಕ್ರಾನ್ ಮೀರಿದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ನರಗಳನ್ನು ಕೆಣಕುತ್ತದೆ. ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ಸಣ್ಣದು, ತಾಗಿದಲ್ಲೇ ಬಾಗುತ್ತದೆ. ಶುದ್ಧ ಮೆರಿನೊ ಬೇಗ ಸವೆಯುತ್ತದೆ ಎಂಬ ಆಕ್ಷೇಪ ಮಾತ್ರ ನಿಜ. ಅದಕ್ಕೇ ಬಾಳಿಕೆಗೆ ನೈಲಾನ್, ಹಿಡಿತಕ್ಕೆ ಇಲಾಸ್ಟೇನ್ ಬೆರೆಸಿ ಹೆಣೆಯುತ್ತಾರೆ. ಶುದ್ಧ ಉಣ್ಣೆಗಿಂತ ಇಂಥ ಬೆರಕೆಯೇ ಬೂಟಿಗೆ ಒಳ್ಳೆಯದು.

ಎರಡು ಜೊತೆಯ ಪರವಾಗಿಯೂ ಒಂದು ಗಟ್ಟಿ ಪುರಾವೆ ಇದೆ, ಅದನ್ನು ಮರೆಮಾಚಬಾರದು. ಅಮೆರಿಕದ ಮರೀನ್ ಪಡೆಗೆ ಹೊಸದಾಗಿ ಸೇರಿದವರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಕಾಲುಚೀಲದ ಒಳಗೆ ತೆಳು ಪಾಲಿಯೆಸ್ಟರ್ ಕಾಲುಚೀಲ ತೊಟ್ಟವರಲ್ಲಿ ಚಿಕಿತ್ಸೆ ಬೇಕಾಗುವಂಥ ಗುಳ್ಳೆಗಳು ಕಡಿಮೆಯಾಗಿದ್ದವು. ಆದರೆ ಅವರ ಕೆಲಸ ನಡಿಗೆ. ಸಾವಿರಾರು ಹೆಜ್ಜೆಗಳ ಉಜ್ಜಾಟವನ್ನು ಚರ್ಮದ ಬದಲು ಎರಡು ಪದರಗಳು ತಮ್ಮೊಳಗೇ ಜಾರಿ ತಾಳಿಕೊಳ್ಳುತ್ತವೆ. ಸ್ನೋಬೋರ್ಡ್ ಮೇಲೆ ಹೆಜ್ಜೆಗಳೇ ಇಲ್ಲ, ಅಲ್ಲಿ ಬೇಕಾದದ್ದು ಜಾರದ ಹಿಮ್ಮಡಿ. ಜಾರುವ ಪದರ ಮಡಿಚಿಕೊಂಡರೆ ಆ ಸುಕ್ಕೇ ದಿನವಿಡೀ ಒತ್ತುವ ಗಂಟಾಗುತ್ತದೆ. ಬೆಟ್ಟವನ್ನು ಕಾಲ್ನಡಿಗೆಯಲ್ಲೇ ಹತ್ತಿ ಇಳಿಯುವವರಿಗೆ ಒಳಪದರ ಉಪಯೋಗಕ್ಕೆ ಬರಬಹುದು, ಉಳಿದವರಿಗೆ ಒಂದೇ ಸಾಕು.

ಆಯ್ಕೆಯ ಸೂತ್ರಗಳು ಇಷ್ಟರಿಂದಲೇ ಹೊರಡುತ್ತವೆ. ಕಾಲುಚೀಲ ಬೂಟಿನ ಅಂಚಿಗಿಂತ ಎತ್ತರಕ್ಕೆ, ಮೊಣಕಾಲಿನ ಕೆಳಗಿನವರೆಗೆ ಬರಬೇಕು; ಇಲ್ಲದಿದ್ದರೆ ಅದರ ಪಟ್ಟಿ ಬೂಟಿನೊಳಗೆ ಸಿಕ್ಕಿ ಒತ್ತುತ್ತದೆ. ಹಿಮ್ಮಡಿಯ ಆಕಾರ ಹಿಮ್ಮಡಿಯಲ್ಲೇ ಕೂರಬೇಕು, ಬೆರಳ ತುದಿಯ ಹೊಲಿಗೆ ಚಪ್ಪಟೆಯಾಗಿರಬೇಕು, ಎಲ್ಲಿಯೂ ನೆರಿಗೆ ಬೀಳಬಾರದು. ಮೆತ್ತೆ ಬೇಕೆನಿಸಿದರೆ ಬೂಟಿನ ನಾಲಗೆ ಒತ್ತುವ ಮುಂಗಾಲಿನ ಎಲುಬಿನ ಮೇಲಷ್ಟೇ ಇರಲಿ. ಪ್ಯಾಂಟಿನೊಳಗೆ ತೊಡುವ ಒಳಉಡುಪಿನ ಕಾಲು ಬೂಟಿನ ಅಂಚಿಗಿಂತ ಮೇಲೆಯೇ ಮುಗಿಯಲಿ. ಹಿಮದಲ್ಲಿ ತೊಡುವ ಕಾಲುಚೀಲವನ್ನೇ ತೊಟ್ಟು ಬೂಟಿನ ಅಳತೆ ನೋಡಬೇಕು: ನೆಟ್ಟಗೆ ನಿಂತಾಗ ಬೆರಳು ತುದಿಗೆ ಮೆಲ್ಲಗೆ ತಾಗಿ, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿದರೆ ಅಳತೆ ಸರಿ. ಬೂಟು ತೊಡುವ ಮೊದಲು ದಾರಿಯಲ್ಲೇ ಬೆವರಿನಿಂದ ನೆನೆದ ಕಾಲುಚೀಲವನ್ನು ಹಾಕಿಕೊಂಡೇ ಇಳಿಯದೆ, ಒಣಗಿದ ಜೊತೆ ತೊಡಬೇಕು.

ಇಷ್ಟು ಮಾಡಿದರೂ ಕಾಲುಚೀಲದ ಶಕ್ತಿಗೆ ಮಿತಿಯಿದೆ. ಮೈ ನಡುಗುತ್ತಿದ್ದರೆ ದೇಹ ಪಾದಕ್ಕೆ ಸಾಕಷ್ಟು ರಕ್ತ ಕಳಿಸುವುದಿಲ್ಲ, ಆಗ ಬೇಕಾದದ್ದು ಒಳ್ಳೆಯ ಜಾಕೆಟ್ಟು ಮತ್ತು ಹೊಟ್ಟೆಗೆ ಊಟ. ಬೆರಳಿನ ಸ್ಪರ್ಶವೇ ಹೋದರೆ ಆಟ ನಿಲ್ಲಿಸಿ ಬೆಚ್ಚಗಿನ ಕೋಣೆ ಸೇರಬೇಕು, ಬೂಟು ಬಿಚ್ಚಬೇಕು. ಪಾದಕ್ಕೆ ಶಾಖ ಬರುವುದು ಒಳಗಿನಿಂದ. ಆ ಶಾಖ ಬರುವ ದಾರಿಯನ್ನು ಮುಚ್ಚದೆ, ಬಂದದ್ದನ್ನು ಒದ್ದೆಯಲ್ಲಿ ಕಳೆಯದೆ ಕಾಯುವುದಷ್ಟೇ ಕಾಲುಚೀಲದ ಕೆಲಸ. ಅಂಗಡಿಯಲ್ಲಿ ಕಾಲುಚೀಲವನ್ನು ಕೈಯಲ್ಲಿ ಹಿಡಿದಾಗ ಎಷ್ಟು ದಪ್ಪ ಎಂದು ನೋಡುವ ಬದಲು, ಬೂಟಿನೊಳಗೆ ಇದು ಎಷ್ಟು ಒತ್ತುತ್ತದೆ, ಎಷ್ಟು ಹೊತ್ತು ಒಣಗಿರುತ್ತದೆ ಎಂದು ಕೇಳಿಕೊಂಡರೆ ಆಯ್ಕೆ ತಪ್ಪುವುದಿಲ್ಲ.