ಗ್ಯಾಸ್ ಹೀಟರ್ ಕೊಳ್ಳುವ ಮುನ್ನ: ಹೊರಾಂಗಣದ ಬೆಂಕಿ ಹೊರಗೇ ಇರಲಿ

ಡಿಸೆಂಬರ್, ಜನವರಿ ಬಂತೆಂದರೆ ಸಿಂಗಾಪುರ, ಯಲಹಂಕ, ವಿದ್ಯಾರಣ್ಯಪುರದ ಕಡೆ ಸಂಜೆಯಾಗುತ್ತಲೇ ಶಾಲು, ಸ್ವೆಟರ್‌ಗಳು ಹೊರಬರುತ್ತವೆ. ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಹೋಟೆಲುಗಳ ಹುಲ್ಲುಹಾಸಿನಲ್ಲಿ, ಮದುವೆ ಆರತಕ್ಷತೆಯ ಅಂಗಳದಲ್ಲಿ ಕೊಡೆಯಂಥ ತಲೆಯುಳ್ಳ ಎತ್ತರದ ಗ್ಯಾಸ್ ಹೀಟರ್‌ಗಳನ್ನು ನೀವು ನೋಡಿರಬಹುದು. ಇವುಗಳಿಗೆ ಪ್ಯಾಟಿಯೊ ಹೀಟರ್ ಎಂದು ಹೆಸರು. ಮನೆಯ ತಾರಸಿಗೆಂದು ಇದನ್ನು ಕೊಳ್ಳುವವರೂ ಇದ್ದಾರೆ. ಮನೆಯಲ್ಲಿ ವೃದ್ಧರು, ಬಾಣಂತಿ ಅಥವಾ ಆಸ್ಪತ್ರೆಯಿಂದ ಮರಳಿದ ರೋಗಿ ಇದ್ದಾಗ, ಇದನ್ನೇ ಒಳಗೆ ತಂದು ಹೊತ್ತಿಸೋಣ ಎಂಬ ಯೋಚನೆ ಬರುವುದು ಸಹಜ. ಆ ಯೋಚನೆ ಪ್ರಾಣಕ್ಕೇ ಕುತ್ತು ತರಬಹುದು.

ಅಪಾಯ ಏನು?

ಗ್ಯಾಸ್ ಉರಿಯಲು ಗಾಳಿಯಲ್ಲಿರುವ ಆಮ್ಲಜನಕ ಬೇಕು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದ್ದವರಿಗೆ ಎಚ್ಚರವೇ ಆಗದಿರಬಹುದು.

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ವಸತಿಗೃಹದ ಕೋಣೆಯಲ್ಲಿ ಗ್ಯಾಸ್ ಹೀಟರ್ ಹೊತ್ತಿಸಿ, ಬಾಗಿಲು ಕಿಟಕಿ ಮುಚ್ಚಿ ಮಲಗಿದ್ದ ಕೇರಳದ 8 ಪ್ರವಾಸಿಗರು ಮೃತಪಟ್ಟರು. ಅವರಲ್ಲಿ 4 ಮಂದಿ ಮಕ್ಕಳು. ನಮ್ಮ ಸಮೀಪದ ಚಿಕ್ಕಜಾಲದ ಬಳಿಯೂ 2023ರ ಜೂನ್‌ನಲ್ಲಿ ಸ್ನಾನದ ಮನೆಯ ಗ್ಯಾಸ್ ಗೀಸರ್‌ನಿಂದ ಇಬ್ಬರು ಪ್ರಾಣ ಕಳೆದುಕೊಂಡರು. ಇದ್ದಿಲಿನ ಅಗ್ಗಿಷ್ಟಿಕೆಯಿಂದಲೂ ಇದೇ ಅಪಾಯವಿದೆ.

ಒಳ್ಳೆಯ ಹೀಟರ್ ಆರಿಸುವುದು ಹೇಗೆ?

ತೆರೆದ ತಾರಸಿಗೆ ಅಥವಾ ಅಂಗಳಕ್ಕೆ ಕೊಳ್ಳುವುದಾದರೆ ಈ ಅಂಶಗಳನ್ನು ಪರೀಕ್ಷಿಸಿರಿ.

1. ಉರುಳಿದರೆ ಆರುವ ವ್ಯವಸ್ಥೆ: ಹೀಟರ್ ವಾಲಿದ ಕೂಡಲೇ ಗ್ಯಾಸ್ ನಿಲ್ಲಿಸುವ ಸ್ವಿಚ್ ಇರಲೇಬೇಕು. ಅಂಗಡಿಯವರಿಂದ ಅದನ್ನು ಮಾಡಿ ತೋರಿಸಿಕೊಳ್ಳಿರಿ.

2. ಜ್ವಾಲೆ ಆರಿದರೆ ಗ್ಯಾಸ್ ನಿಲ್ಲುವ ವ್ಯವಸ್ಥೆ: ಗಾಳಿಗೆ ಜ್ವಾಲೆ ಆರಿದಾಗ ಥರ್ಮೊಕಪಲ್ ಎಂಬ ಸಣ್ಣ ಕಡ್ಡಿ ತಣ್ಣಗಾಗಿ, ಕವಾಟ ತಾನೇ ಮುಚ್ಚಿಕೊಳ್ಳುತ್ತದೆ. ಇದಿಲ್ಲದ ಹೀಟರ್ ಎಷ್ಟೇ ಅಗ್ಗವಾದರೂ ಬೇಡ.

3. ಭಾರವಾದ ಬುಡ: ತಳ ಅಗಲವಾಗಿ, ಭಾರವಾಗಿರಲಿ. ಕೈಯಿಂದ ಅಲ್ಲಾಡಿಸಿ ನೋಡಿರಿ. ಕಂಬ, ಬರ್ನರ್ ತುಕ್ಕು ಹಿಡಿಯದ ಸ್ಟೀಲಿನದಾಗಿರಲಿ.

4. ಉರಿಯುವ ಬಗೆ: ಬರ್ನರಿನ ಜಾಲರಿ ಎಲ್ಲ ಕಡೆ ಒಂದೇ ಸಮನಾಗಿ ಕೆಂಪಗಾಗಬೇಕು. ಮಸಿ ಹಿಡಿದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿಯಿರಿ.

5. ಲೇಬಲ್: ಎಲ್‌ಪಿಜಿಗೆ ತಕ್ಕದ್ದೇ, ಗ್ಯಾಸಿನ ಒತ್ತಡ ಎಷ್ಟಿರಬೇಕು, ಎಷ್ಟು ಕಿಲೋವ್ಯಾಟ್ ಎಂಬುದು ಬರೆದಿರಬೇಕು. ಹೊರದೇಶದ ಹೀಟರ್‌ಗಳ ಒತ್ತಡ ನಮ್ಮ ರೆಗ್ಯುಲೇಟರ್‌ಗೆ ಹೊಂದದಿರಬಹುದು. ಗ್ಯಾಸ್ ಏಜೆನ್ಸಿಯವರನ್ನು ಕೇಳಿ ಖಚಿತಪಡಿಸಿಕೊಳ್ಳಿರಿ.

6. ಪೈಪ್: ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನೇ ಬಳಸಿ, 5 ವರ್ಷಕ್ಕೊಮ್ಮೆ ಬದಲಾಯಿಸಿರಿ. ಸೋರಿಕೆಯನ್ನು ಸೋಪಿನ ನೀರು ಹಚ್ಚಿ ನೋಡಿರಿ, ಬೆಂಕಿಕಡ್ಡಿ ಗೀರಿ ನೋಡಬೇಡಿರಿ.

ಖರ್ಚನ್ನೂ ಲೆಕ್ಕ ಹಾಕಿರಿ. 13 ಕಿಲೋವ್ಯಾಟ್ ಹೀಟರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 1 ಕಿಲೋ ಗ್ಯಾಸ್ ಸುಡುತ್ತದೆ. ಎಂದರೆ 14.2 ಕಿಲೋ ಸಿಲಿಂಡರ್ ಸುಮಾರು 14 ಗಂಟೆಗೇ ಮುಗಿಯುತ್ತದೆ. ಅಷ್ಟು ಗ್ಯಾಸಿನಲ್ಲಿ ಚಿಕ್ಕ ಸಂಸಾರದ ಒಂದು ತಿಂಗಳ ಅಡುಗೆ ಆಗುತ್ತದೆ.

ಎಲ್ಲಿ ಇಡಬೇಕು?

ಮೇಲೆ ಮತ್ತು ಸುತ್ತ ಗಾಳಿಯಾಡುವ, ಸಮತಟ್ಟಾದ ಜಾಗದಲ್ಲಿ ಮಾತ್ರ ಇಡಿರಿ. ಗಾಜು ಹಾಕಿ ಮುಚ್ಚಿದ ಬಾಲ್ಕನಿ ಹೊರಾಂಗಣವಲ್ಲ, ಅದೂ ಒಂದು ಕೋಣೆಯೇ. ಶಾಮಿಯಾನ, ಒಣಹಾಕಿದ ಬಟ್ಟೆ, ಸೀರೆಯ ಸೆರಗಿನಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ಕೈಪಿಡಿಯಲ್ಲಿ ಹೆಚ್ಚು ಅಂತರ ಹೇಳಿದ್ದರೆ ಅದನ್ನೇ ಪಾಲಿಸಿರಿ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ನೆಲಮಾಳಿಗೆಯಲ್ಲಿ ಸಿಲಿಂಡರ್ ಇಡಬೇಡಿರಿ.

ರೋಗಿ ಇರುವ ಮನೆಯಲ್ಲಿ

ರೋಗಿಯ ಕೋಣೆಗೆ ಗ್ಯಾಸ್ ಹೀಟರಾಗಲಿ, ಇದ್ದಿಲಿನ ಕೆಂಡವಾಗಲಿ ಬೇಡ. ಆಸ್ತಮಾ, ಹೃದ್ರೋಗ, ರಕ್ತಹೀನತೆ ಇರುವವರಿಗೂ ಗರ್ಭಿಣಿಯರಿಗೂ ಹಸುಗೂಸುಗಳಿಗೂ ವಿಷಾನಿಲದ ಹಾನಿ ಹೆಚ್ಚು. ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಅಥವಾ ಕಾನ್ಸೆಂಟ್ರೇಟರ್ ಬಳಸುತ್ತಿದ್ದರೆ ಯಾವ ಬೆಂಕಿಯೂ 10 ಅಡಿಯೊಳಗೆ ಬರಬಾರದು. ಬೆಚ್ಚಗಿಡಲು ಟೋಪಿ, ಕಾಲುಚೀಲ, ಉಣ್ಣೆಯ ಹೊದಿಕೆ, ಬೆಳಗಿನ ಬಿಸಿಲು ಸಾಕು. ತೀರಾ ಅಗತ್ಯವಿದ್ದರೆ ಎಣ್ಣೆ ತುಂಬಿದ ವಿದ್ಯುತ್ ಹೀಟರ್ ಬಳಸಬಹುದು, ಅದರಿಂದ ಈ ಅನಿಲ ಹುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಿರಬಹುದು. ಬಿಸಿನೀರಿನ ಚೀಲವನ್ನು ಅವರ ಪಾದಕ್ಕೆ ಇಡಬೇಡಿರಿ.

ಈ ಲಕ್ಷಣ ಕಂಡರೆ

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಮಂಕು. ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ ಜ್ವರವೆಂದು ಸುಮ್ಮನಿರಬೇಡಿರಿ. ಕೂಡಲೇ ಎಲ್ಲರನ್ನೂ ಬಯಲಿಗೆ ಕರೆತನ್ನಿರಿ, ಬಾಗಿಲು ಕಿಟಕಿ ತೆರೆಯಿರಿ, 108ಕ್ಕೆ ಕರೆಮಾಡಿರಿ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 98 ಎಂದು ತೋರಿದರೂ ನಂಬಬೇಡಿರಿ. ಆ ಉಪಕರಣ ರಕ್ತದಲ್ಲಿರುವ ವಿಷಾನಿಲವನ್ನೂ ಆಮ್ಲಜನಕವೆಂದೇ ಎಣಿಸುತ್ತದೆ. ಆಸ್ಪತ್ರೆಗೆ ಬಂದಾಗ, "ಕೋಣೆಯಲ್ಲಿ ಹೀಟರ್ ಉರಿಯುತ್ತಿತ್ತು" ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಈ ಒಂದು ಮಾತಿನಿಂದ ಸರಿಯಾದ ಚಿಕಿತ್ಸೆ ಬೇಗ ಆರಂಭವಾಗುತ್ತದೆ.

ಗ್ಯಾಸ್ ವಾಸನೆ ಬಂದರೆ ವಿದ್ಯುತ್ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆಮಾಡಿರಿ. ಈ ಎರಡು ಸಂಖ್ಯೆಗಳನ್ನು ಮನೆಯವರೆಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆದಿಡಿರಿ.