ಕಾಂಟೆಸ್ಸಾದ ಮುಂಗಾಲಿಗೆ ಚಿಕಿತ್ಸೆ

ಜಯನಗರ, ಬನಶಂಕರಿಯ ಹಳೆಯ ಮನೆಗಳ ಕಾಂಪೌಂಡಿನೊಳಗೆ ಟಾರ್ಪಾಲು ಹೊದ್ದು ನಿಂತ ಉದ್ದನೆಯ ಕಾರೊಂದು ಅಪರೂಪಕ್ಕೆ ಈಗಲೂ ಕಣ್ಣಿಗೆ ಬೀಳುವುದುಂಟು. ಹೊದಿಕೆ ಎತ್ತಿ ನೋಡಿದರೆ ಹಿಂದೂಸ್ತಾನ್ ಕಾಂಟೆಸ್ಸಾ! ತಾತನೋ ದೊಡ್ಡಪ್ಪನೋ ಆಸೆಪಟ್ಟು ಕೊಂಡದ್ದು. ಈಗ ಇಂಜಿನಿಯರಿಂಗ್ ಓದುವ ಮೊಮ್ಮಗನ ಕಣ್ಣು ಅದರ ಮೇಲೆ ಬಿದ್ದಿದೆ. ಅಮೆರಿಕದ ‘ಮಸಲ್ ಕಾರು’ಗಳ ಚಿತ್ರ ನೋಡಿ ಬೆಳೆದ ಹುಡುಗನಿಗೆ ನಮ್ಮ ದೇಶದಲ್ಲಿ ಅವುಗಳ ಹತ್ತಿರದ ನೆಂಟನಾಗಿ ಕಾಣುವುದು ಇದೊಂದೇ. ಅಲ್ಲಿಂದ ಮನೆಯಲ್ಲಿ ವಾದ ಶುರು. ‘ಮುಂದಿನ ಸಸ್ಪೆನ್ಷನ್ ಒಂದು ಅಪ್‌ಗ್ರೇಡ್ ಮಾಡಿಸಿದರೆ ಸಾಕು, ಹೊಸ ಕಾರಿನ ಹಾಗೆ ಓಡುತ್ತೆ’ ಎನ್ನುತ್ತಾನೆ ಮಗ. ‘ಎಷ್ಟು ಸಾವಿರ ಆಗುತ್ತೋ? ದುಡ್ಡು ಹಾಗಿರಲಿ, ಹೆಚ್ಚುಕಡಿಮೆ ಆದರೆ?’ ಎನ್ನುತ್ತಾರೆ ಅಪ್ಪ. ಇಬ್ಬರ ಮಾತಿನಲ್ಲೂ ಹುರುಳಿದೆ.

ಕಾಂಟೆಸ್ಸಾದ ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪೆನಿಯ ವಿಕ್ಟರ್ ಕಾರು. ಅದರ ಅಚ್ಚುಗಳನ್ನು ಕೊಂಡುತಂದ ಹಿಂದೂಸ್ತಾನ್ ಮೋಟಾರ್ಸ್, ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1984ರಿಂದ 2002ರವರೆಗೆ ಇದನ್ನು ತಯಾರಿಸಿತು. ಮೊದಮೊದಲು ಅಷ್ಟು ದೊಡ್ಡ ಮೈಗೆ ಅಂಬಾಸಿಡರಿನ 1489 ಸಿ.ಸಿ. ಇಂಜಿನ್ನನ್ನೇ ಕೂರಿಸಿದ್ದರು. ಪೈಲ್ವಾನನಿಗೆ ಪಾಪುವಿನ ಹೃದಯ! ಜಪಾನಿನ ಇಸುಜು ಇಂಜಿನ್ ಬಂದ ಮೇಲೆ ಗತ್ತಿಗೆ ತಕ್ಕ ಓಟ ಬಂತು. ಆದರೆ ಮುಂಗಾಲುಗಳ ವಿನ್ಯಾಸ ಮಾತ್ರ ಮೊದಲಿನಿಂದಲೂ ಅಚ್ಚುಕಟ್ಟು. ಪ್ರತಿ ಮುಂಚಕ್ರವನ್ನೂ ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತವೆ. ನಡುವೆ ಕಾಯಿಲ್ ಸ್ಪ್ರಿಂಗು. ಇದಕ್ಕೇ ಡಬಲ್ ವಿಶ್‌ಬೋನ್ ಎನ್ನುವುದು. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆಂದು ನಮ್ಮ ಕಾಲೇಜು ಹುಡುಗರು ಕಟ್ಟುವ ರೇಸ್ ಕಾರಿನಲ್ಲೂ ಸಾಮಾನ್ಯವಾಗಿ ಇರುವುದು ಇದರ ತಮ್ಮನೇ.

ಮೇಲಿನ ತೋಳು ಕೆಳಗಿನದಕ್ಕಿಂತ ಗಿಡ್ಡ. ಅದರಲ್ಲೇ ಇರುವುದು ಗುಟ್ಟು. ತಿರುವಿನಲ್ಲಿ ಕಾರು ಹೊರಬದಿಗೆ ವಾಲಿದಾಗ ಹೊರಗಿನ ಚಕ್ರ ಮೇಲಕ್ಕೆ ಸರಿಯುತ್ತದೆ. ಗಿಡ್ಡ ತೋಳು ಅದರ ತಲೆಯನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಟೈರು ರಸ್ತೆಗೆ ಆದಷ್ಟು ನೆಟ್ಟಗೆ ನಿಂತು ಹಿಡಿತ ಬಿಡದು. ಚಕ್ರದ ಈ ವಾಲುವಿಕೆಯೇ ಕ್ಯಾಂಬರ್.

ಅಮೆರಿಕದಲ್ಲಿ ಇದರದೊಂದು ಸೊಗಸಾದ ಕತೆಯಿದೆ. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್ ನೇರ ರಸ್ತೆಯಲ್ಲಿ ಶೂರ, ತಿರುವಿನಲ್ಲಿ ಅಳುಕುಗಾರ. ಮರುವರ್ಷ ಕ್ಯಾರೊಲ್ ಶೆಲ್ಬಿಯವರ ತಂಡ ಅದನ್ನು ಜಿ.ಟಿ. 350 ಎಂಬ ಹೆಸರಿನಲ್ಲಿ ರೇಸಿಗೆ ಸಜ್ಜುಗೊಳಿಸಿತು. ಆಗ ಮಾಡಿದ ಮುಖ್ಯ ಕೆಲಸಗಳಲ್ಲೊಂದು, ಮೇಲಿನ ತೋಳು ಚೌಕಟ್ಟಿಗೆ ಸೇರುವ ಜಾಗವನ್ನು ಒಂದು ಇಂಚು ಕೆಳಗಿಳಿಸಿದ್ದು. ಹೊಸ ರಂಧ್ರ ಕೊರೆದು ಅದೇ ತೋಳನ್ನು ಮತ್ತೆ ಕೂರಿಸಿದರು, ಅಷ್ಟೆ. ತಿರುವಿನಲ್ಲಿ ಚಕ್ರ ನಿಲ್ಲುವ ಕೋನ ಸುಧಾರಿಸಿತು. ಹಾಗೆಂದು ಕಾಂಟೆಸ್ಸಾಕ್ಕೂ ಡ್ರಿಲ್ ಹಿಡಿಯಬೇಡಿ! ಅದರ ಅಳತೆಗಳೇ ಬೇರೆ. ಸಸ್ಪೆನ್ಷನ್ ಎಂದರೆ ಮೊದಲು ರೇಖಾಗಣಿತ, ಆಮೇಲೆ ಕಬ್ಬಿಣ ಎಂಬುದನ್ನಷ್ಟೇ ಇಲ್ಲಿಂದ ಹಿಡಿದುಕೊಳ್ಳಬೇಕು.

ನಮ್ಮಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಕಾರು ನೆಲಕ್ಕೆ ಅಂಟಿಕೊಂಡಂತೆ ಕಾಣಲೆಂದು ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿಬಿಡುತ್ತಾರೆ. ಸ್ಪ್ರಿಂಗಿನ ಬಿಗಿತ ಅದರ ಸುತ್ತುಗಳ ಸಂಖ್ಯೆಗೆ ವಿಲೋಮ. ಕೆಲಸ ಮಾಡುವ ಎಂಟು ಸುತ್ತು ಆರಾದರೆ ಬಿಗಿತ ಮೂರನೇ ಒಂದು ಭಾಗದಷ್ಟು ಏರುತ್ತದೆ, ಚಕ್ರ ಮೇಲಕ್ಕೆ ಸರಿಯಲು ಇದ್ದ ಜಾಗ ಕುಗ್ಗುತ್ತದೆ. ಜೆ.ಪಿ. ನಗರದ ಅಡ್ಡರಸ್ತೆಗಳ ಹಂಪುಗಳ ಮೇಲೆ, ಮಳೆಗಾಲದ ಬಿ.ಟಿ.ಎಂ. ಲೇಔಟಿನ ಗುಂಡಿಗಳಲ್ಲಿ ಆ ಕಾರು ದಡಾರನೆ ತಳಕ್ಕೆ ಬಡಿಯುತ್ತದೆ. ತೋಳುಗಳ ಕೋನವೂ ಕೆಟ್ಟು, ಜಾಣ ಗಣಿತವೆಲ್ಲ ಮಣ್ಣುಪಾಲು.

ನಿಜವಾದ ಅಪ್‌ಗ್ರೇಡ್ ಶುರುವಾಗುವುದು ಕೈಬೆರಳಷ್ಟು ರಬ್ಬರಿನಿಂದ. ತೋಳುಗಳು ಚೌಕಟ್ಟಿಗೆ ಸೇರುವಲ್ಲಿ ಇರುವ ಬುಷ್‌ಗಳು ಇಷ್ಟು ವರ್ಷಗಳಲ್ಲಿ ಒಣಗಿ, ಬಿರಿದು ಪುಡಿಯಾಗಿರುತ್ತವೆ. ಬ್ರೇಕ್ ಒತ್ತಿದರೆ ಕಾರು ಒಂದು ಕಡೆಗೆ ಎಳೆಯುವುದು, ಸ್ಟೀರಿಂಗ್ ಅಲೆದಾಡುವುದು ಬಹುಪಾಲು ಇದರಿಂದಲೇ. ನಂತರ ಬಾಲ್ ಜಾಯಿಂಟು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಕಟಕಟ ಎಂದರೆ ಅದರ ಆಯಸ್ಸು ಮುಗಿದಿದೆ ಎಂದೇ ಅನುಮಾನಿಸಬೇಕು. ಓಡುತ್ತಿರುವಾಗ ಅದು ಕಳಚಿಕೊಂಡರೆ ಚಕ್ರವೇ ಮಡಚಿಕೊಳ್ಳುತ್ತದೆ. ಅಪ್ಪನ ಭಯಕ್ಕೆ ಆಧಾರ ಇರುವುದು ಇಲ್ಲೇ, ಮೊದಲು ಖರ್ಚು ಮಾಡಬೇಕಾದ್ದೂ ಇಲ್ಲೇ. ಆಮೇಲೆ ಶಾಕ್ ಅಬ್ಸಾರ್ಬರು. ಮುಂಭಾಗವನ್ನು ಬಲವಾಗಿ ಅದುಮಿ ಬಿಟ್ಟಾಗ ಕಾರು ಉಯ್ಯಾಲೆಯಾಡಿದರೆ ಬದಲಿಸಿ. ಹೊಸ ಕಾಲದ ಗ್ಯಾಸ್ ತುಂಬಿದ ಶಾಕ್ ಹಾಕಿಸುವ ಆಸೆಯಿದ್ದರೆ ಇದೇ ಸಮಯ. ಸ್ಪ್ರಿಂಗಿನ ಸರದಿ ಕೊನೆಗೆ.

ಬಿಡಿಭಾಗ ಎಲ್ಲಿ ಸಿಗುತ್ತದೆ? ಮಿನರ್ವ ವೃತ್ತ ದಾಟಿ ಜೆ.ಸಿ. ರಸ್ತೆಗೆ ಹೋಗಿ. ಹಳೆಯ ಬುಷ್ ಕೈಯಲ್ಲೇ ಹಿಡಿದುಕೊಂಡು ಹೋಗುವುದು ಮೇಲು. ಬಾಯಲ್ಲಿ ಹೇಳಿದ ಅಳತೆಗೆ ಅಂಗಡಿಯವರು ಕೊಡುವುದು ಮನೆಗೆ ಬಂದ ಮೇಲೆ ಹೊಂದದಿರುವುದೇ ಹೆಚ್ಚು. ಸಿಗದೇ ಹೋದರೆ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ಆದರೆ ಅದು ಬುಷ್‌ಗೆ ಮಾತ್ರ, ಬಾಲ್ ಜಾಯಿಂಟಿಗೆ ಖಂಡಿತ ಸಲ್ಲದು.

ಇನ್ನು ಸ್ಪ್ರಿಂಗು. ಇದನ್ನು ಮನೆಯಂಗಳದಲ್ಲಿ ಬಿಚ್ಚಲು ಹೋಗಬೇಡಿ ಎಂದು ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಬೇಕು. ಶಾಲೆಯ ಸನ್ನೆಯ ಪಾಠ ನೆನಪಿಸಿಕೊಳ್ಳಿ. ಕೆಳತೋಳಿನ ಒಳತುದಿ ಆಧಾರಬಿಂದು, ಹೊರತುದಿಯಲ್ಲಿ ಚಕ್ರ, ಸ್ಪ್ರಿಂಗು ಸರಿಯಾಗಿ ನಡುವೆ ಇದೆ ಎಂದಿಟ್ಟುಕೊಳ್ಳಿ. ಚಕ್ರದ ಮೇಲೆ 300 ಕಿಲೋ ಭಾರವಿದ್ದರೆ ಸ್ಪ್ರಿಂಗು ಹೊರುವುದು 600 ಕಿಲೋ! ಚಕ್ರದ ಬಳಿ ಅಳೆದರೆ ಅದೇ ಸ್ಪ್ರಿಂಗಿನ ಬಿಗಿತ ಅರ್ಧವಲ್ಲ, ಕಾಲು ಭಾಗ. ಏಕೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ. ಅಷ್ಟು ಒತ್ತಡದಲ್ಲಿ ಕುಗ್ಗಿ ಕೂತ ಉಕ್ಕು ಜಾರಿದರೆ ಗುಂಡಿನಂತೆ ಸಿಡಿಯುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇರುವ, ಜಾಕಿಯನ್ನೇ ನಂಬದೆ ಭದ್ರವಾದ ಸ್ಟ್ಯಾಂಡ್ ಇಡುವ ಗ್ಯಾರೇಜಿನಲ್ಲೇ ಈ ಕೆಲಸ ಆಗಬೇಕು. ಹುಡುಗ ಪಕ್ಕದಲ್ಲಿ ನಿಂತು ನೋಡಲಿ. ಒಂದು ಸೆಮಿಸ್ಟರಿನ ಪಾಠ ಒಂದೇ ದಿನದಲ್ಲಿ ತಲೆಗೆ ಹೋಗುತ್ತದೆ.

ಕಾನೂನಿನ ಮಾತನ್ನೂ ಆಡಿಬಿಡೋಣ. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಸವೆದ ಭಾಗಕ್ಕೆ ಅದೇ ಬಗೆಯ ಹೊಸ ಭಾಗ ಹಾಕುವುದು ದುರಸ್ತಿ; ಚೌಕಟ್ಟು ಕೊಯ್ದು ಬೇರೆ ಕಾರಿನ ಸಸ್ಪೆನ್ಷನ್ ಬೆಸುಗೆ ಹಾಕುವುದು ಬೇರೆ ವಿಷಯ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಲು ಆರ್.ಟಿ.ಓ. ಮುಂದೆ ನಿಲ್ಲಿಸಲೇಬೇಕಲ್ಲ, ಆಗ ಇಂಥವು ಬಯಲಾಗುತ್ತವೆ. ಐವತ್ತು ವರ್ಷ ಮೀರಿದ ಕಾರುಗಳಿಗೆ 2021ರಲ್ಲಿ ಬಂದ ‘ವಿಂಟೇಜ್’ ನೋಂದಣಿಯ ಸೌಲಭ್ಯ ಕಾಂಟೆಸ್ಸಾಕ್ಕೆ ದೊರಕಲು ಇನ್ನೂ 2034ರವರೆಗೆ ಕಾಯಬೇಕು. ಇನ್ನು ಹದಿನೆಂಟು ತುಂಬದ ಮಗನ ಕೈಗೆ ಕೀಲಿಕೈ ಕೊಟ್ಟರೆ, 2019ರ ತಿದ್ದುಪಡಿಯ ಪ್ರಕಾರ ಅಪ್ಪನಿಗೇ ಮೂರು ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ ಬೀಳಬಹುದು.

ಬಹಳಷ್ಟು ಮೆಕ್ಯಾನಿಕ್ಕುಗಳು ಮರೆಯುವ ಒಂದು ಸಂಗತಿ ಉಳಿದಿದೆ. ಹೊಸ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರು ಜಾಕಿಯ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಚಕ್ರಗಳ ಮೇಲೆ ಪೂರ್ತಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ. ಅನಂತರ ವೀಲ್ ಅಲೈನ್‌ಮೆಂಟು. ಕನಕಪುರ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಒಂದೆರಡು ಸುತ್ತು ನಿಧಾನವಾಗಿ ಓಡಿಸಿ ತಂದು, ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಿ.