ಪ್ರವಾಸಿ ವಸತಿಗೃಹದ ಕಸವೂ ತೋಟದ ಗೊಬ್ಬರವೂ

ಕೊಡಗು, ಚಿಕ್ಕಮಗಳೂರು ಮೊದಲಾದ ಮಲೆನಾಡಿನ ಸೀಮೆಗಳಲ್ಲಿ ಕಾಫಿ, ಏಲಕ್ಕಿ, ಅಡಕೆಗಳ ವರಮಾನದೊಡನೆ ಈಚಿನ ವರ್ಷಗಳಲ್ಲಿ ಇನ್ನೊಂದು ವರಮಾನವೂ ಸೇರಿರುವುದು. ತೋಟದ ಮನೆಯಲ್ಲಿ ಪ್ರವಾಸಿಗಳಿಗೆ ಊಟವಸತಿಗಳನ್ನೊದಗಿಸುವುದೇ ಅದು. ಹೋಂಸ್ಟೇ ಎಂದು ಕರೆಯಲ್ಪಡುವ ಈ ಗೃಹಗಳಿಂದ ನಾಲ್ಕು ಕಾಸು ಬರುವುದು ಸಂತೋಷದ ವಿಷಯವೇ ಸರಿ. ಆದರೆ ಹಣದ ಬೆನ್ನಿಗೇ ಕಸವೂ ಬರುವುದು. ದಿನಕ್ಕೆ ಹತ್ತು ಮಂದಿ ಅತಿಥಿಗಳು ತಲಾ ಎರಡು ಪ್ಲಾಸ್ಟಿಕ್ ನೀರಿನ ಸೀಸೆಗಳನ್ನು ಬಿಟ್ಟುಹೋದರೆ, ನೂರು ದಿನಗಳಲ್ಲಿ 2,000 ಸೀಸೆಗಳಾಗುವುವು. ಅತಿಥಿಗಳು ಹೊರಟುಹೋಗುವರು, ಸೀಸೆಗಳು ಊರಿನಲ್ಲಿಯೇ ಉಳಿಯುವುವು.

ಈ ಕಸವನ್ನು ಅನೇಕರು ಹಳ್ಳಕ್ಕೆ ಎಸೆಯುವರು, ಇಲ್ಲವೆ ಬೆಂಕಿಯಿಡುವರು. ಇವೆರಡೂ ಕೇಡು. ಎಂಜಲು ಕಟ್ಟಿದ ಚೀಲವನ್ನು ದನಗಳು ಚೀಲಸಹಿತವಾಗಿ ನುಂಗುವುವು. ಅದು ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟುಕಟ್ಟಿ ಪ್ರಾಣಕ್ಕೆ ಎರವಾಗುವುದು. ಎಂಜಲಿನ ವಾಸನೆಗೆ ಕಾಡುಹಂದಿಗಳೂ ನಾಯಿಗಳೂ ಬರುವುವು. ನಾಯಿಗಳನ್ನರಸಿ ಚಿರತೆಯೂ ಬರಬಹುದು. ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಮೊದಲಾದ ವಿಷಗಳಿರುವುವು. ಕೊಡಗಿನ ಹಳ್ಳಗಳು ಬಹುಮಟ್ಟಿಗೆ ಕಾವೇರಿಯನ್ನು ಸೇರತಕ್ಕವು. ಮಂಡ್ಯದ ಗದ್ದೆಗಳೂ, ಮೈಸೂರು, ಬೆಂಗಳೂರು ನಗರಗಳೂ ಆ ನೀರನ್ನೇ ನೆಚ್ಚಿರುವುವು. ಮೇಲಿನವರು ಕೆಡಿಸಿದ ನೀರನ್ನು ಕೆಳಗಿನವರು ಕುಡಿಯಬೇಕಾಗುವುದು.

ಅಡಿಗೆಮನೆಯ ಕಸವಾದರೋ ಕಸವೇ ಅಲ್ಲ, ಗೊಬ್ಬರದ ಮೂಲದ್ರವ್ಯ. 1924 ರಿಂದ 1931 ರವರೆಗೆ ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡರು ಹೊಲದ ಕಸಕಡ್ಡಿಗಳನ್ನು ಸಗಣಿಯೊಡನೆ ಕಳಿಸಿ ಕಾಂಪೋಸ್ಟ್ ಮಾಡುವ ಕ್ರಮವನ್ನು ರೂಪಿಸಿದರು. 1939 ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರು ಪದೇಪದೇ ತಿರುವಿಹಾಕುವ ಶ್ರಮವಿಲ್ಲದ ಇನ್ನೊಂದು ಕ್ರಮವನ್ನು ತೋರಿಸಿಕೊಟ್ಟರು. ಇದಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರಾಯಿತು. ಆಳುಗಳ ಅಭಾವವಿರುವ ತೋಟಗಳಿಗೆ ಇದು ಅನುಕೂಲ.

ಇದನ್ನು ವಸತಿಗೃಹಕ್ಕೆ ಅಳವಡಿಸುವ ರೀತಿ ಹೀಗೆ: ಬಾವಿಗೂ ಹಳ್ಳಕ್ಕೂ ದೂರವಾದ ಎತ್ತರದ ನೆಲದಲ್ಲಿ ಮೂರು ಅಡಿ ಆಳದ ಗುಂಡಿಯನ್ನು ತೆಗೆಯಬೇಕು. ತಳದಲ್ಲಿ ಆರು ಅಂಗುಲ ತರಗೆಲೆ, ಒಣಹುಲ್ಲುಗಳನ್ನು ಹರಡಿ, ಅದರ ಮೇಲೆ ಎರಡು ಅಂಗುಲ ಅಡಿಗೆಮನೆಯ ಕಸವನ್ನು ಹಾಕಿ, ಸಗಣಿಯ ಬಗ್ಗಡವನ್ನು ಚಿಮುಕಿಸಿ, ತೆಳುವಾಗಿ ಮಣ್ಣು ಮುಚ್ಚಬೇಕು. ಹೀಗೆಯೇ ಪದರದ ಮೇಲೆ ಪದರವಾಗಿ ತುಂಬಿ, ಕೊನೆಗೆ ಕೆಸರುಮಣ್ಣಿನಿಂದ ಮೆತ್ತಬೇಕು. ಆರರಿಂದ ಎಂಟು ತಿಂಗಳುಗಳಲ್ಲಿ ಗೊಬ್ಬರವು ಸಿದ್ಧವಾಗುವುದು. ದುರ್ಗಂಧವು ಹುಟ್ಟಿದರೆ ತೇವವು ಹೆಚ್ಚಿತೆಂದು ತಿಳಿದು ಒಣಕಸವನ್ನು ಸೇರಿಸತಕ್ಕದ್ದು. ಮಲೆನಾಡಿನ ಮುಂಗಾರಿನಲ್ಲಿ ಗುಂಡಿಯಲ್ಲಿ ನೀರು ನಿಲ್ಲುವುದರಿಂದ, ಆಗ ಚಪ್ಪರದ ಕೆಳಗೆ ನೆಲದ ಮೇಲೆಯೇ ರಾಶಿಮಾಡಿ, ಆಗಾಗ್ಗೆ ತಿರುವಿಹಾಕುವುದು ಲೇಸು.

ಕಸವನ್ನು ಕಳಿಸುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ಉಣ್ಣುವವರ ಸಂಖ್ಯೆಯನ್ನು ಮೊದಲೇ ಕೇಳಿ ಅಡಿಗೆ ಮಾಡಿದರೆ ಅನ್ನವು ಪೋಲಾಗದು. ಸೀಸೆಯ ನೀರಿಗೆ ಬದಲಾಗಿ ಕಾಯಿಸಿ ಆರಿಸಿದ ನೀರನ್ನು ಹೂಜಿಯಲ್ಲಿಡಬಹುದು. ತೋಟದ ಬಾಳೆಯೆಲೆಯಲ್ಲಿ ಬಡಿಸಿದರೆ ಊಟದ ಎಲೆಯೂ ಗೊಬ್ಬರವಾಗುವುದು. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರವು 2016 ರಲ್ಲಿಯೇ ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ 2022 ರ ಜುಲೈ 1 ರಿಂದ ದೇಶದಲ್ಲೆಲ್ಲಾ ನಿಷೇಧವು ಬಂದಿತು.

ಉಳಿದ ಗಾಜು, ಕಾಗದ, ಪ್ಲಾಸ್ಟಿಕ್‌ಗಳನ್ನು ತೊಳೆದೊಣಗಿಸಿ ಬೇರೆಯಾಗಿ ಕೂಡಿಟ್ಟರೆ ಪುನಃ ಉಪಯೋಗಕ್ಕೆ ಬರುವುವು. ಬ್ಯಾಟರಿ, ಒಡೆದ ಬಲ್ಬು, ಔಷಧಿಗಳನ್ನು ಎಂದಿಗೂ ಗೊಬ್ಬರದ ಗುಂಡಿಗೆ ಹಾಕಕೂಡದು.

ಒಬ್ಬ ಜಮೀನುದಾರನು ಎಚ್ಚರದಿಂದಿದ್ದು ನೆರೆಯವನು ಹಳ್ಳಕ್ಕೆ ಸುರಿದರೆ ಫಲವಿಲ್ಲ. ಆದುದರಿಂದ ಗ್ರಾಮದ ಮುಖಂಡರು ಈ ವಿಷಯವನ್ನು ಗ್ರಾಮಸಭೆಯಲ್ಲೆತ್ತಿ, ವಸತಿಗೃಹದವರೆಲ್ಲರ ಒಣಕಸವನ್ನು ವಾರಕ್ಕೊಮ್ಮೆ ಸಂಗ್ರಹಿಸಿ ಸಾಗಿಸುವ ಏರ್ಪಾಡನ್ನು ಪಂಚಾಯತಿಯ ಮೂಲಕ ಮಾಡಿಸುವುದು ಉಚಿತ. ಪ್ರವಾಸಿಗಳು ಬರುವುದು ತಿಳಿನೀರನ್ನೂ ಹಸುರನ್ನೂ ನೋಡಲು. ಅವೆರಡೂ ಕೆಟ್ಟ ದಿನ ಅತಿಥಿಗಳ ಹಣವೂ ನಿಲ್ಲುವುದು, ತೋಟವೂ ಸೊರಗುವುದು. ಕಸದಿಂದ ರಸವೆಂಬ ಹಿರಿಯರ ಮಾತು ಈ ಕಾಲಕ್ಕೂ ಸಲ್ಲತಕ್ಕದ್ದೇ ಆಗಿರುವುದು.